ಬೆಳ್ಳಿಗೆ ಯೀಸ್ಟ್ ಒಯ್ದದ್ದು

ಸೊರಬದ ಹತ್ತಿರದ ಉಳವಿಯಲ್ಲಿರುವ ನನ್ನ ಮಾವನ ಮನೆಯ ಎಮ್ಮೆಯ ಹೆಸರು ಬೆಳ್ಳಿ. ಬಣ್ಣ ನೋಡಿ ಇಟ್ಟ ಹೆಸರಲ್ಲ. ಆ ಮನೆಯಲ್ಲಿ ಅದರ ಸ್ಥಾನ ಮಾವನವರ ನಂತರದ್ದು. ಅಳಿಯನಾದ ನನ್ನದು ಅದರ ನಂತರದ್ದು. ಅಂಥ ಬೆಳ್ಳಿ ಮೇವು ಬಿಟ್ಟು, ಮೆಲುಕು ಹಾಕುವುದನ್ನೂ ಮರೆತು, ಹಾಲು ಕಡಿಮೆ ಮಾಡಿಕೊಂಡು ಕೂತಿತು. ದನದ ಡಾಕ್ಟರಮ್ಮ ಬಂದು ನೋಡಿ, ಜೀರ್ಣ ಕೆಟ್ಟಿದೆ, ಯೀಸ್ಟ್ ಪುಡಿ ಕೊಡಿ ಅಂದರಂತೆ. ಸೊರಬದ ಅಂಗಡಿಯಲ್ಲಿ ಅದು ಮುಗಿದಿತ್ತು. ಹಾಗಾಗಿ ಶಿಕಾರಿಪುರದಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡಿರುವ ನನಗೆ ಫೋನ್ ಬಂತು. ಮದುವೆಯಾದ ಮೇಲೆ ಮಾವನವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು.

ಪುಡಿ ಸುಲಭವಾಗಿ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮನೆಗೆ ಬಂದು ಮೊಬೈಲ್ ತೆರೆದೆ. ಬ್ರೆಡ್ ಮಾಡುವ ಒಬ್ಬರು, ಯೀಸ್ಟ್ ಎಂದರೆ ಮಲಗಿರುವ ಜೀವಾಣು, ಬೆಚ್ಚಗಿನ ಸಿಹಿನೀರಿನಲ್ಲಿ ಅದನ್ನು ಎಬ್ಬಿಸಬೇಕು ಎಂದು ವಿವರಿಸುತ್ತಿದ್ದರು. ನನಗೆ ಜ್ಞಾನೋದಯವಾಯಿತು. ಮಲಗಿರುವವರನ್ನು ಕೆಲಸಕ್ಕೆ ಕಳಿಸಿದರೆ ಏನು ಪ್ರಯೋಜನ? ನನ್ನ ಹೆಂಡತಿ ವಿಶಾಲಾಕ್ಷಿ, ಪೊಟ್ಟಣದ ಮೇಲೆ ಏನೋ ಬರೆದಿದೆ, ಓದಿ ಎಂದಳು. ಪೊಟ್ಟಣದ ಮೇಲೆ ಬರೆದದ್ದು ಸಾಮಾನ್ಯ ಜನರಿಗೆ ಎಂದೆ.

ಅರ್ಧ ಪುಡಿಯನ್ನು ಬೆಚ್ಚಗಿನ ಬೆಲ್ಲದ ನೀರಿಗೆ ಹಾಕಿ, ಕಲಕಿ, ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಚೆಲ್ಲಬಾರದೆಂದು ಮುಚ್ಚಳವನ್ನು ಮೈಯೆಲ್ಲ ಬಲ ಹಾಕಿ ತಿರುಗಿಸಿದೆ. ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಜೇಬಿಗೆ ಹಾಕಿಕೊಂಡೆ. ಸೊರಬದ ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯನ್ನೇ ಹುಡುಕಿ ಕೂತೆ. ಬೆಚ್ಚಗಿರಲಿ ಎಂದು.

ಅವು ಎದ್ದವು.

ಮೊದಲು ಕ್ಯಾನು ಉಬ್ಬಿತು. ನಾನು ಅದನ್ನು ಪ್ರಗತಿ ಎಂದು ಭಾವಿಸಿದೆ. ಸ್ವಲ್ಪ ಹೊತ್ತಿಗೆ ಅದರ ತಳವೂ ದುಂಡಗಾಗಿ ತೊಡೆಯ ಮೇಲೆ ನಿಲ್ಲದಾಯಿತು. ಮುಚ್ಚಳವನ್ನು ಚೂರೇ ಚೂರು ಸಡಿಲಿಸೋಣ ಎಂದು ಕೈ ಇಟ್ಟೆ. ಉಳಿದದ್ದನ್ನು ಮುಚ್ಚಳವೇ ನೋಡಿಕೊಂಡಿತು. ಅದು ಬಸ್ಸಿನ ಚಾವಣಿಗೆ ಬಡಿಯಿತು. ನನ್ನ ತಲೆ, ಅಂಗಿ, ಪಂಚೆ ಮತ್ತು ಪಕ್ಕದಲ್ಲಿದ್ದ ಹಿರಿಯರ ಹೊಸ ಛತ್ರಿಗೆ ನೊರೆಯ ಅಭಿಷೇಕವಾಯಿತು. ಇಡೀ ಬಸ್ಸಿನಲ್ಲಿ ಹುಳಿಹೆಂಡದ ವಾಸನೆ.

ಕಂಡಕ್ಟರ್ ಬಂದು ನನ್ನನ್ನು ಮೂಸಿ ನೋಡಿದರು.

"ಎಮ್ಮೆ ಔಷಧಿ ರೀ," ಎಂದೆ.

"ಔಷಧಿ ಅಂತ ಎಲ್ರೂ ಹೇಳ್ತಾರೆ ರೀ. ಎಮ್ಮೇದು ಅಂದೋರು ನೀವೇ ಮೊದ್ಲು."

ಸೊರಬದ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ತೊಳೆದುಕೊಂಡೆ. ನೊರೆ ಹೋಯಿತು, ವಾಸನೆ ಉಳಿಯಿತು. ಅಷ್ಟರಲ್ಲಿ ಛತ್ರಿಯ ಹಿರಿಯರು, ಯಾವ ಊರು, ಯಾರ ಮನೆ ಎಂದು ವಿಚಾರಿಸಿದರು. ಪ್ರಾಮಾಣಿಕವಾಗಿ ಹೇಳಿದೆ. ಅವರು ಮಾವನವರ ದೂರದ ನೆಂಟರು ಎಂಬುದೂ, ಅವರ ಬಳಿ ಫೋನ್ ಇತ್ತು ಎಂಬುದೂ ಆಮೇಲೆ ತಿಳಿಯಿತು.

ಉಳವಿ ತಲುಪಿದಾಗ ಮಾವನವರು ಬಾಗಿಲಲ್ಲೇ ನಿಂತಿದ್ದರು. ಅವರದು ಲಿಂಗಪೂಜೆ ಮಾಡದೆ ನೀರೂ ಮುಟ್ಟದ ಮನೆ. ಖಾಲಿ ಕ್ಯಾನನ್ನೂ ನನ್ನನ್ನೂ ಒಮ್ಮೆ ನೋಡಿದರು. ವಿಷಯ ಸ್ಪಷ್ಟಪಡಿಸುವುದು ಅಗತ್ಯವೆನಿಸಿತು.

"ಮಾವ, ಅವು ಮಲಗಿದ್ವು. ನಾನೇ ಎಬ್ಬಿಸಿದೆ. ಬೆಳ್ಳಿ ಹೊಟ್ಟೇಲಿ ಏಳ್ಬೇಕಾಗಿತ್ತು, ಬಸ್ಸಲ್ಲೇ ಎದ್ಬಿಟ್ವು."

"ಆಯ್ತು ಆಯ್ತು," ಎಂದರು ಮಾವನವರು ಮೆತ್ತಗೆ. "ನೀವೂ ಒಂಚೂರು ಮಲ್ಕಳಿ."

ಅತ್ತೆಯವರು ಏನೂ ಕೇಳದೆ ನಿಂಬೆಹಣ್ಣಿನ ಪಾನಕ ತಂದುಕೊಟ್ಟರು. ಜೇಬಿನಲ್ಲಿದ್ದ ಪೊಟ್ಟಣವನ್ನು ಅವರ ಕೈಗಿಟ್ಟು ನಾನು ಮಲಗಿದೆ. ಬೇರೆ ದಾರಿ ಇರಲಿಲ್ಲ.

ಎದ್ದು ಬರುವಷ್ಟರಲ್ಲಿ ಅತ್ತೆಯವರು, ನಾನು ಕೊಟ್ಟ ಪೊಟ್ಟಣವನ್ನು ಓದಿ, ಒಂದು ಚಮಚ ಪುಡಿಯನ್ನು ಹಾಗೇ ತೌಡಿಗೆ ಬೆರೆಸಿ ಬೆಳ್ಳಿಯ ಮುಂದಿಟ್ಟಿದ್ದರು. ಪೊಟ್ಟಣದ ಮೇಲೆ ಬರೆದದ್ದು ಅಷ್ಟೇ. ದಿನಾ ಹಾಗೇ ಕೊಟ್ಟರು. ವಾರದೊಳಗೆ ಬೆಳ್ಳಿ ಮೆಲುಕು ಹಾಕತೊಡಗಿತು, ಹಾಲೂ ಏರಿತು. ಪುಡಿ ತಂದವನು ನಾನೇ ಆದ್ದರಿಂದ ನನ್ನ ಮರ್ಯಾದೆಯೂ ಜೊತೆಗೇ ಏರಿರಬೇಕು ಎಂದುಕೊಂಡು, ಮುಂದಿನ ಅಮಾವಾಸ್ಯೆಗೆ ವಿಶಾಲಾಕ್ಷಿಯ ಜೊತೆ ಉಳವಿಗೆ ಹೋದೆ.

ಜಗಲಿಯಲ್ಲಿ ನಾಲ್ಕಾರು ಜನ ಕೂತಿದ್ದರು. ಮಾವನವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಮ್ಮೆಯಿಂದ ಹೇಳಿದರು: "ನಮ್ ಅಳಿಯಂದ್ರು. ಈಗ ಪೂರ್ತಿ ಬಿಟ್ಟಿದಾರೆ."

ನಾನು ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಒಳಗೆ ಹೋಗಿ ವಿಶಾಲಾಕ್ಷಿಯನ್ನು ತರಾಟೆಗೆ ತೆಗೆದುಕೊಂಡೆ. ನಾನು ಕುಡಿಯುವವನಲ್ಲ ಎಂದು ಸ್ವಂತ ಅಪ್ಪನಿಗೆ ಹೇಳಲು ಇವಳಿಗೇನು ಕಷ್ಟ?

"ಹೇಳ್ದೆ ರೀ," ಎಂದಳು. "ಕುಡೀದೇ ಇದ್ದೋರು ಹಂಗ್ಯಾಕೆ ಮಾಡಿದ್ರು ಅಂತ ಅಪ್ಪ ಕೇಳಿದ್ರು. ನನ್ ಹತ್ರ ಉತ್ರ ಇರ್ಲಿಲ್ಲ."

ಸ್ವಲ್ಪ ಹೊತ್ತು ಯೋಚಿಸಿದೆ. ನನ್ನ ಹತ್ತಿರವೂ ಇರಲಿಲ್ಲ. ಜಗಲಿಗೆ ವಾಪಸು ಬಂದು ಕೂತೆ. ಒಬ್ಬರು ನನ್ನ ಕೈ ಹಿಡಿದು, ಬಿಡೋದು ಭಾಳ ಕಷ್ಟ ಆಗಿರ್ಬೇಕಲ್ರೀ ಎಂದರು.

ಹೌದು, ಮನಸ್ಸು ಗಟ್ಟಿ ಮಾಡಿದೆ ಎಂದೆ.