ಮಾತ್ರೆ ಡಬ್ಬಿಯೊಳಗೆ ಹದಿನಾರು ಮಡಿಕೆಯಾಗಿ ಮಲಗಿರುವ ಚೀಟಿಯವರಿಗೆ

ಮಾನ್ಯ ಮಾಹಿತಿ ಚೀಟಿಯವರೇ,

ರಕ್ತದೊತ್ತಡದ ಮಾತ್ರೆಯ ಡಬ್ಬಿಯಲ್ಲಿ ಮಾತ್ರೆಗಳಿಗಿಂತ ಹೆಚ್ಚು ಜಾಗ ಹಿಡಿದುಕೊಂಡು, ಯಾರ ಗೊಡವೆಗೂ ಹೋಗದೆ ಮಲಗಿರುವ ತಮ್ಮನ್ನು ಎಬ್ಬಿಸುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಕೇಳುತ್ತೇನೆ. ತಾವು ಕ್ಷೇಮವೆಂದೂ, ತಮ್ಮ ಅಕ್ಷರಗಳು ದಿನದಿಂದ ದಿನಕ್ಕೆ ಇನ್ನಷ್ಟು ಸಣ್ಣಗಾಗುತ್ತಿವೆ ಎಂದೂ ನಂಬಿದ್ದೇನೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ಒಂದೇ ಹಾಳೆಯಲ್ಲಿ ನಲವತ್ತಮೂರು ತೊಂದರೆಗಳನ್ನು ತುಂಬಿ, ಕೊನೆಗೆ ಗಾಬರಿಯಾಗಬೇಡಿ ಎಂದು ಬರೆಯಬಲ್ಲ ತಮ್ಮಂಥವರಿಗೆ ಪತ್ರ ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯದೆ ಇರಲಾಗುತ್ತಿಲ್ಲ.

ನಮ್ಮ ಮನೆಯವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಕಪಾಟಿನ ಮೇಲೆ ಗುಂಡಿಗಳನ್ನು ತೂಕಕ್ಕೆ ಕೊಳ್ಳುತ್ತಿದ್ದ ಕಾಲದ ಒಂದು ಪುಟ್ಟ ತಕ್ಕಡಿ. ನಾನು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದೆ. ಅತ್ತಿಗೆ, ಅಂದರೆ ಅವರ ಅಕ್ಕ, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಾರೆ. ಓದು ಬರಹ ಬಾರದ ಅತ್ತಿಗೆಗೆ ಬೇರು, ತೊಗಟೆ, ಎಲೆಗಳ ವಿಷಯದಲ್ಲಿ ಗೊತ್ತಿಲ್ಲದ್ದು ಇಲ್ಲ ಎಂದು ಅತ್ತಿಗೆಯೇ ಹೇಳುತ್ತಾರೆ.

ಐದು ವರ್ಷದ ಹಿಂದೆ ಡಾಕ್ಟರು ಇವರಿಗೆ ರಕ್ತದೊತ್ತಡ ಎಂದು ಮಾತ್ರೆ ಬರೆದುಕೊಟ್ಟಾಗ ತಾವು ಮೊದಲ ಸಲ ನಮ್ಮ ಮನೆಗೆ ದಯಮಾಡಿಸಿದಿರಿ. ಬಿಚ್ಚಿದಾಗ ಅರ್ಧ ಮೇಜು ತುಂಬಿದಿರಿ. ಎಂಥ ಜಾರುವ ಬಟ್ಟೆಯನ್ನೂ ಗೆರೆ ಹೊಡೆದ ಹಾಗೆ ಮಡಿಸುವ ಇವರಿಗೆ ತಮ್ಮನ್ನು ಮತ್ತೆ ಡಬ್ಬಿಯೊಳಗೆ ಮಡಿಸಿಡಲು ಆಗಲಿಲ್ಲ. ದರ್ಜಿಯ ಮರ್ಯಾದೆಯ ಪ್ರಶ್ನೆ ನೋಡಿ. ಇಸ್ತ್ರಿ ಪೆಟ್ಟಿಗೆ ಕಾಯಿಸಿದರು, ನೀರು ಚಿಮುಕಿಸಿದರು, ಅಂಗಿಯ ತೋಳು ಮಡಿಸುವ ಹಾಗೆ ಮಡಿಸಿ ಒತ್ತಿ ಒತ್ತಿ ಇಸ್ತ್ರಿ ಮಾಡಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ತಿಂಗಳು ತಿಂಗಳು ಹೊಸ ಡಬ್ಬಿಯ ಜೊತೆ ಬಂದ ತಮ್ಮ ತಮ್ಮಂದಿರನ್ನು ಬಿಚ್ಚಲೇ ಇಲ್ಲ. "ಅದೇ ಕಥೆ ತಾನೇ, ಮತ್ತೆ ಯಾಕೆ ಓದಲಿ" ಎಂದು ಹೇಳಿ ಅವನ್ನೆಲ್ಲ ಕಾಲರಿನ ಅಚ್ಚು ಕತ್ತರಿಸಲು ಬಳಸಿದರು. ಕಾಗದ ತೆಳು, ಆದರೆ ಗಟ್ಟಿ. ಈ ಊರಿನಲ್ಲಿ ಎಷ್ಟೋ ಕಾಲರುಗಳು ತಮ್ಮ ಆಕಾರದಲ್ಲಿವೆ. ಈ ಉಪಕಾರಕ್ಕೆ ನಾವು ಋಣಿಗಳು.

ಇಸ್ತ್ರಿಯಾದ ಮೇಲೆಯೇ ಓದಲು ಶುರು ಮಾಡಿದರೂ, ತಮ್ಮನ್ನು ಅವರಷ್ಟು ಶ್ರದ್ಧೆಯಿಂದ ಓದಿದವರು ಇರಲಾರರು. ಗಿರಾಕಿಯ ಅಳತೆ ಬರೆದುಕೊಂಡರೆ ಅದರಂತೆ ಹೊಲಿಯಬೇಕು ಎಂಬ ಅಭ್ಯಾಸದವರು. ತಾವು ಬರೆದದ್ದೆಲ್ಲ ತಮಗೆ ಆಗಲೇಬೇಕು ಎಂದು ತಿಳಿದುಕೊಂಡರು. ಸೋಮವಾರ ತಲೆನೋವು ಬಂತು, ಗುರುತು ಹಾಕಿದರು. ಮಂಗಳವಾರ ಬಾಯಿ ಒಣಗಿತು, ಗುರುತು ಹಾಕಿದರು. ಹಸಿವು ಹೆಚ್ಚಬಹುದು ಅಥವಾ ಕಡಿಮೆಯಾಗಬಹುದು ಎಂದು ತಾವು ಒಂದೇ ಉಸಿರಿನಲ್ಲಿ ಬರೆದಿದ್ದರಿಂದ ಬೆಳಗ್ಗೆ ಉಪವಾಸವಿದ್ದು ಮಧ್ಯಾಹ್ನ ಎರಡರಷ್ಟು ಉಂಡರು. ಎಂಟನೆಯ ದಿನ ಮುಟ್ಟಿನ ಏರುಪೇರು ಎಂಬಲ್ಲಿಗೆ ಬಂದು ಬೆಳಗಿನಿಂದ ಸಂಜೆಯವರೆಗೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಕೊನೆಗೆ ನಾನೇ, "ಅದು ನಿಮಗಲ್ಲ, ಮುಂದಿನ ಸಾಲಿಗೆ ಹೋಗಿ" ಎಂದು ಬಿಡಿಸಿದೆ. ಯಂತ್ರಗಳನ್ನು ನಡೆಸಬಾರದು ಎಂದು ತಾವು ಅಪ್ಪಣೆ ಕೊಡಿಸಿದ್ದರಿಂದ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಮೂರು ವಾರ ಎಲ್ಲವನ್ನೂ ಕೈಯಲ್ಲೇ ಹೊಲಿದರು. ಎದುರು ಮನೆಯ ಮೇಷ್ಟ್ರು ಬಂದು, "ನನ್ನ ಪ್ಯಾಂಟು ಎಲ್ಲಿಗೆ ಬಂತಪ್ಪಾ" ಎಂದು ಕೇಳಿದಾಗ, "ಮಾತ್ರೆ ಮೈಗೆ ಒಗ್ಗಲಿ ಮೇಷ್ಟ್ರೇ, ಸದ್ಯಕ್ಕೆ ಎಡಗಾಲು ತಗೊಂಡು ಹೋಗಿ" ಎಂದರು.

ಇನ್ನು ತೂಕದ ವಿಷಯ. ಉಪಯೋಗವನ್ನೂ ಅಡ್ಡಪರಿಣಾಮವನ್ನೂ ತೂಗಿ ನೋಡಬೇಕು ಎಂದು ತಾವು ಮೂರನೇ ಸಾಲಿನಲ್ಲೇ ಬರೆದಿದ್ದೀರಿ. ಇವರು ತಕ್ಕಡಿಯನ್ನೇ ಇಳಿಸಿಕೊಂಡರು. ಬಲಗಡೆ ತಟ್ಟೆಗೆ ಒಂದು ಉಪಯೋಗಕ್ಕೆ ಒಂದು ಬಿಳಿ ಗುಂಡಿ, ಎಡಗಡೆಗೆ ಒಂದು ತೊಂದರೆಗೆ ಒಂದು ಕಪ್ಪು ಗುಂಡಿ. ಮಾತ್ರೆಯ ಪಾಲಿಗೆ ಕಪ್ಪು ನಲವತ್ತಮೂರು ಬಿದ್ದವು, ಬಿಳಿ ಒಂದೇ ಒಂದು. ಎಡತಟ್ಟೆ ಮೇಜಿಗೆ ಕುಕ್ಕಿತು. ಅದನ್ನು ನೋಡಿ, "ಬದುಕಿರೋದು ಅಂದ್ರೆ ಅಂಗಿ ಗುಂಡಿಯಷ್ಟೇನಾ" ಎಂದವರು ಬಿಳಿ ಗುಂಡಿ ತೆಗೆದು, ದೊಡ್ಡ ಕೋಟಿನ ಹಿತ್ತಾಳೆ ಗುಂಡಿ ಹಾಕಿದರು. ಆಗಲೂ ಸಾಲದೆ ಬಂದಾಗ ಕಿರುಬೆರಳಿನಿಂದ ಬಲತಟ್ಟೆಯನ್ನು ಮೆಲ್ಲಗೆ ಒತ್ತಿದರು. ಅಳತೆಯಲ್ಲಿ ಒಂದು ನೂಲು ತಪ್ಪದ ಮನುಷ್ಯ ಮಾಡಿದ ಮೋಸ ನಾನು ಕಂಡಂತೆ ಅದೊಂದೇ.

ಅಷ್ಟರಲ್ಲಿ ಅತ್ತಿಗೆ ಕಷಾಯದ ಪಾತ್ರೆ ಹಿಡಿದು ಬಂದರು. "ನನ್ನದನ್ನೂ ತೂಗೋ" ಎಂದರು. ಇವರು ಎರಡೂ ತಟ್ಟೆ ಬರಿದು ಮಾಡಿದರು. ಕಷಾಯಕ್ಕೆ ಚೀಟಿ ಇಲ್ಲ. ಅತ್ತಿಗೆಯ ಬಾಯಿಯೇ ಚೀಟಿ. ರಕ್ತ ತಣ್ಣಗಾಗುತ್ತದೆ, ಒಂದು ಬಿಳಿ. ಮಂಡಿ ಸಡಿಲವಾಗುತ್ತದೆ, ಒಂದು ಬಿಳಿ. ಕೂದಲು, ನಿದ್ದೆ, ನೆನಪು, ಸಿಟ್ಟು, ನೆಂಟರ ಕಣ್ಣು, ಪಕ್ಕದ ಮನೆಯವರ ಗದ್ದಲ, ಎಲ್ಲದಕ್ಕೂ ಒಂದೊಂದು. ಡಬ್ಬದ ಬಿಳಿ ಗುಂಡಿಗಳು ಮುಗಿದು, ಹೊಲಿದಿಟ್ಟ ಅಂಗಿಗಳಿಂದ ನಾನು ಬಿಚ್ಚಿಕೊಡಬೇಕಾಯಿತು. ಎಡತಟ್ಟೆಗೆ ಏನು ಹಾಕಲಿ ಎಂದು ಇವರು ಕೇಳಿದರೆ, "ಬೇರಿಗೆ ಎಂಥದೋ ಅಡ್ಡಪರಿಣಾಮ, ನಿನ್ನ ತಲೆ" ಎಂದರು ಅತ್ತಿಗೆ. ಒಂದೇ ಒಂದು ಕಪ್ಪು ಗುಂಡಿ ಬೀಳಲಿಲ್ಲ. ಕಷಾಯ ಗೆದ್ದಿತು. ಆ ತಕ್ಕಡಿಯನ್ನು ಯಾರೂ ಬರಿದು ಮಾಡಲಿಲ್ಲ. ಬಲಕ್ಕೆ ವಾಲಿಕೊಂಡೇ ಕಪಾಟಿನ ಮೇಲೆ ನಿಂತಿತು.

ಮಾನ್ಯರೇ, ಇಲ್ಲಿಂದ ಮುಂದಿನದನ್ನು ನಾನು ದಿನಚರಿಯಲ್ಲಿ ಬರೆದಿಲ್ಲ, ತಮಗೆ ಬರೆಯುತ್ತಿದ್ದೇನೆ. ಇವರು ಮಾತ್ರೆ ಬಿಟ್ಟೆ ಎಂದು ಅಕ್ಕನಿಗೆ ಹೇಳಿದರು. ಬಿಡಬೇಡಿ ಎಂದವಳು ನಾನು. "ಎರಡೂ ಇರಲಿ, ಯಾವುದೋ ಒಂದು ಕೆಲಸ ಮಾಡುತ್ತೆ" ಎಂದೆ. ಅತ್ತಿಗೆಗೆ ಕಾಣದಿರಲೆಂದು ಮಾತ್ರೆಗಳನ್ನು ಬಿಳಿ ಗುಂಡಿಯ ಡಬ್ಬದಲ್ಲಿ ಬಚ್ಚಿಟ್ಟವಳೂ ನಾನೇ. ಒಂದು ದಿನ ಇವರು ಅವಸರದಲ್ಲಿ ನಾಲ್ಕು ತೂತಿನ ಗುಂಡಿಯನ್ನು ನುಂಗಿ, ಅಂದು ಯಾವ ಅಡ್ಡಪರಿಣಾಮವೂ ಇಲ್ಲದೆ ಬಹಳ ಗೆಲುವಾಗಿದ್ದರು. ಇದನ್ನು ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಬಹುದು. ಹೀಗೆ ನಾಲ್ಕು ವರ್ಷ ಬೆಳಗ್ಗೆ ಆರೂವರೆಗೆ ಕಷಾಯ, ಏಳಕ್ಕೆ ಮಾತ್ರೆ. ಡಾಕ್ಟರು ಪ್ರತಿ ಸಲವೂ, "ಬೇರೆ ಔಷಧಿ ಏನಾದ್ರೂ ತಗೋತೀರಾ" ಎಂದು ಕೇಳುತ್ತಿದ್ದರು. ಇವರು ಇಲ್ಲ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಕಷಾಯ ನಮ್ಮ ಮನೆಯಲ್ಲಿ ಔಷಧಿಯಲ್ಲ, ಅದು ಅಕ್ಕ.

ಹನ್ನೊಂದು ತಿಂಗಳ ಹಿಂದೆ ಒಂದು ಗುರುವಾರ ಬೆಳಗ್ಗೆ, ಕತ್ತರಿ ಕೈಯಲ್ಲಿದ್ದ ಹಾಗೆಯೇ ಮೇಜಿನ ಪಕ್ಕ ಕೂತರು. ಏಳಲಿಲ್ಲ. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: ನೀಲಿ ಅಂಗಿ ಅರ್ಧ.

ಎರಡು ತಿಂಗಳ ಹಿಂದೆ ನನಗೂ ಅದೇ ತೊಂದರೆ ಎಂದಾಯಿತು, ಅದೇ ಮಾತ್ರೆ ಬಂತು, ಅದರ ಜೊತೆ ತಾವೂ. ಇಸ್ತ್ರಿ ಕಾಣದ ತಮ್ಮನ್ನು ಮೇಜಿನ ಮೇಲೆ ಹರಡಿ ಮೊದಲಿನಿಂದ ಓದಿದೆ. ಒಂಬತ್ತನೇ ಮಡಿಕೆಯ ಪಕ್ಕದಲ್ಲಿ, ಗಿಡಮೂಲಿಕೆಯ ಕಷಾಯ ಕುಡಿಯುವವರು ಈ ಮಾತ್ರೆ ತೆಗೆದುಕೊಳ್ಳುವ ಮೊದಲು ತಪ್ಪದೆ ಡಾಕ್ಟರಿಗೆ ತಿಳಿಸಬೇಕು ಎಂಬ ಸಾಲಿತ್ತು. ಇವರ ಜೇಬಿನ ಚೀಟಿಯನ್ನು ತೆಗೆದು ನೋಡಿದೆ. ಆ ಜಾಗದಲ್ಲಿ ಅವರ ಇಸ್ತ್ರಿಯ ಗೆರೆ ಇತ್ತು. ಅಂಗಿಯ ತೋಳಿನ ಗೆರೆಯಷ್ಟೇ ಚೊಕ್ಕ. ಅಕ್ಷರ ಒಂದೂ ಉಳಿದಿರಲಿಲ್ಲ.

ಅತ್ತಿಗೆ ಈಗ ಬೆಳಗ್ಗೆ ಆರೂವರೆಗೆ ಇವರು ಕುಡಿಯುತ್ತಿದ್ದ ಅದೇ ಲೋಟದಲ್ಲಿ ನನಗೆ ಕಷಾಯ ತರುತ್ತಾರೆ. ಕುಡಿದು ಮುಗಿಸುವವರೆಗೆ ನಿಂತಿರುತ್ತಾರೆ. "ಅವನಿಗೆ ಒಂದು ದಿನಾನೂ ತಪ್ಪಿಸಲಿಲ್ಲ ಕಣಮ್ಮ" ಎನ್ನುತ್ತಾರೆ. ಅವರಿಗೆ ಉಳಿದಿರುವ ಸಮಾಧಾನ ಅದೊಂದೇ. ಆ ಸಾಲನ್ನು ಓದಿ ಹೇಳಿ ಅದನ್ನೂ ಕಿತ್ತುಕೊಳ್ಳುವುದು ಹೇಗೆ? ಹೇಳದೆ ನಾನು ಎರಡನ್ನೂ ನುಂಗುವುದು ಹೇಗೆ? ಕಷಾಯ ಕುಡಿದೆ, ಮಾತ್ರೆಯನ್ನು ಗುಂಡಿ ಡಬ್ಬದಲ್ಲಿ ಬಿಟ್ಟೆ. ಒತ್ತಡ ಏರಿತು. ಡಾಕ್ಟರು ನೋಡಿ, ನಾನು ತೆಗೆದುಕೊಳ್ಳದ ಒಂದು ಮಾತ್ರೆಯನ್ನು ಎರಡು ಮಾಡಿದರು. ಆಮೇಲೆ ಅದೇ ಪ್ರಶ್ನೆ ಕೇಳಿದರು. "ಇಲ್ಲ" ಎಂದೆ. ನನ್ನ ಬಾಯಿಂದ ಬಂದದ್ದು ಇವರ ದನಿ. ಬಾಗಿಲ ತನಕ ಹೋದವಳು ತಿರುಗಿ ಬಂದು ಎಲ್ಲವನ್ನೂ ಹೇಳಿದೆ. ಡಾಕ್ಟರು, "ಅದರಿಂದಲೇ ಆಯ್ತು ಅಂತ ಹೇಳೋಕೆ ಬರಲ್ಲಮ್ಮ, ಅಲ್ಲ ಅಂತಲೂ ಹೇಳೋಕೆ ಬರಲ್ಲ" ಎಂದರು. ನನಗೆ ಒಂದೇ ಮಾತ್ರೆ ಸಾಕು, ಕಷಾಯ ಬೇಡ ಎಂದರು.

ಮೊನ್ನೆ ಬೆಳಗ್ಗೆ ಅತ್ತಿಗೆಯನ್ನು ಕೂರಿಸಿಕೊಂಡು ತಮ್ಮ ಆ ಸಾಲನ್ನು ಓದಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಇವರು ಮಾತ್ರೆ ಬಿಟ್ಟಿರಲಿಲ್ಲ, ಎರಡೂ ಇರಲಿ ಎಂದವಳು ನಾನು, ಎಂಬುದನ್ನೂ ಹೇಳಿದೆ. ಅತ್ತಿಗೆ ಲೋಟವನ್ನು ಕೆಳಗಿಟ್ಟರು. "ಈ ಸಾಲು ಅವನಿಗೆ ಗೊತ್ತಿತ್ತಾ?"

"ಇಲ್ಲ. ಇಸ್ತ್ರಿಯಲ್ಲಿ ಹೋಗಿತ್ತು."

ಅತ್ತಿಗೆ ಎದ್ದು ಕಪಾಟಿನ ತಕ್ಕಡಿಯನ್ನು ಮೇಜಿನ ಮೇಲೆ ತಂದಿಟ್ಟರು. ಕಪ್ಪು ಗುಂಡಿಗಳ ಡಬ್ಬ ತೆಗೆದು, ಐದು ವರ್ಷದಿಂದ ಖಾಲಿಯಿದ್ದ ಎಡತಟ್ಟೆಗೆ ಒಂದನ್ನು ಹಾಕಿದರು. "ಇದು ನಂದು" ಎಂದರು. ಡಬ್ಬವನ್ನು ನನ್ನ ಕಡೆಗೆ ತಳ್ಳಿ, "ನಿಂದು ನೀನೇ ಹಾಕು" ಎಂದರು. ಹಾಕಿದೆ. ತಕ್ಕಡಿ ಅಲುಗಲಿಲ್ಲ. ಮಾರನೆಯ ದಿನ ಆರೂವರೆಗೆ ಅದೇ ಲೋಟ ಬಂತು. ಒಳಗೆ ಬರೀ ಬಿಸಿನೀರು. ಅತ್ತಿಗೆಯ ಅಂಗೈಯಲ್ಲಿ ಒಂದು ಮಾತ್ರೆ. ತೂತಿಲ್ಲ ಎಂದು ಬೆಳಕಿಗೆ ಹಿಡಿದು ನೋಡಿ ಕೊಟ್ಟರು. ನುಂಗುವವರೆಗೆ ನಿಂತಿದ್ದರು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿಗಳು ಕೆಲವು ಇವೆ. ಆ ಒಂದು ಸಾಲನ್ನು ಇಸ್ತ್ರಿಗೆ ಹೆದರದ ಮಸಿಯಲ್ಲಿ ಅಚ್ಚು ಮಾಡಿಸಬೇಕು. ಮುಟ್ಟಿನ ವಿಷಯ ಬಂದಾಗ ಗಂಡಸರು ಎದ್ದು ಹೋಗುವಂತೆ ಒಂದು ಗಂಟೆ ಬಾರಿಸುವ ವ್ಯವಸ್ಥೆಯಿರಬೇಕು. ಕಷಾಯ ಕಾಯಿಸುವ ಅಕ್ಕಂದಿರು ಇರುವ ಮನೆಗಳಲ್ಲಿ ತಾವು ಡಬ್ಬಿಯಿಂದ ಎದ್ದು ಬಂದು, ಒಲೆಯ ಪಕ್ಕ ಕೂತು, ಗೌರವ ಕೊಟ್ಟು ಮಾತಾಡಿ, ಅವರ ಮನಸ್ಸು ನೋಯದ ಹಾಗೆ ಹೇಳಿ ಹೋಗಬೇಕು. ಇದು ತಮಗೆ ಆಗದ ಕೆಲಸವೆಂದು ಗೊತ್ತು. ನಮಗೂ ನಾಲ್ಕು ವರ್ಷ ಆಗಲಿಲ್ಲ.

ಇಷ್ಟನ್ನು ಓದಿದ ತಮ್ಮ ಕಣ್ಣು ಮಂಜಾಗದಿರಲಿ, ಅದು ತಮ್ಮ ತೊಂದರೆಗಳ ಪಟ್ಟಿಯಲ್ಲಿ ಇಪ್ಪತ್ತೇಳನೆಯದು,

ತಮ್ಮ ವಿಶ್ವಾಸಿ,
ದರ್ಜಿಯ ಹೆಂಡತಿ

ಮರೆತ ಮಾತು: ಈ ಪತ್ರವನ್ನು ತಮ್ಮಂತೆಯೇ ಹದಿನಾರು ಮಡಿಕೆ ಮಾಡಿ ಕಳಿಸುತ್ತಿದ್ದೇನೆ. ತಾವು ತಪ್ಪದೆ ಓದಬೇಕಾದ ಸಾಲು ಮಡಿಕೆಯ ಮೇಲೆ ಬಂದಿದೆ. ದಯವಿಟ್ಟು ಇಸ್ತ್ರಿ ಮಾಡಬೇಡಿ.