ಎಡಗಾಲಿನ ಲೆಕ್ಕ

ಮನುಷ್ಯನಿಗೆ ತನ್ನ ಶಕ್ತಿ ಎಷ್ಟು ಎಂಬುದು ಕರಾರುವಾಕ್ಕಾಗಿ ಗೊತ್ತಾಗಬಾರದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಅಂದಾಜಿನಲ್ಲಿ ಬದುಕುತ್ತಿದ್ದಷ್ಟು ದಿನ ನಾನು ಗಟ್ಟಿಮುಟ್ಟಾದ ಆಳಾಗಿದ್ದೆ. ಹುಣಸೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ವಯಸ್ಸು ನಲವತ್ತೇಳು. ಬೆಳಗ್ಗೆ ಬಿಗಿಯಾದ ಚಡ್ಡಿ ತೊಟ್ಟು ರೇಸ್ ಸೈಕಲ್ಲಿನ ಮೇಲೆ ಬಗ್ಗಿಕೊಂಡು ಹೊರಟರೆ ಬಸ್ ಸ್ಟ್ಯಾಂಡಿನ ಹೂವಿನವರು ಮುಖ ತಿರುಗಿಸಿ ನಗುತ್ತಿದ್ದರು, ನಿಜ. ಆದರೆ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದು ಕೆಟ್ಟಿದ್ದು ಸೈಕಲ್ಲಿಗೆ ಪವರ್ ಮೀಟರ್ ಹಾಕಿಸಿದ ಮೇಲೆ.

ಪವರ್ ಮೀಟರ್ ಎಂದರೆ ಪೆಡಲ್ ತಗುಲಿಕೊಂಡಿರುವ ಲೋಹದ ತೋಳಿಗೆ ಅಂಟಿಸುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸಾಧನ. ನಾವು ಎಷ್ಟು ಜೋರಾಗಿ ತುಳಿಯುತ್ತಿದ್ದೇವೆ ಎಂಬುದನ್ನು ಅದು ಅಳೆದು, ಹ್ಯಾಂಡಲ್ ಮೇಲಿನ ಪುಟ್ಟ ಪರದೆಗೆ ವ್ಯಾಟ್ ಲೆಕ್ಕದಲ್ಲಿ ಕಳಿಸುತ್ತದೆ. ಗಾಳಿ ಎದುರಿಗಿತ್ತು, ರಸ್ತೆ ಏರಾಗಿತ್ತು ಎಂಬ ನೆಪಗಳೆಲ್ಲ ಅದರ ಮುಂದೆ ನಡೆಯುವುದಿಲ್ಲ. ಅದನ್ನು ಹಾಕಿಸಿದ ಮೊದಲ ಭಾನುವಾರ ಕೆ.ಆರ್. ನಗರದ ಕಡೆಯ ಗದ್ದೆಬಯಲಿನ ಸಪಾಟು ರಸ್ತೆಯಲ್ಲಿ, ಕಣ್ಣು ಕತ್ತಲೆ ಬರುವಷ್ಟು ರಭಸದಿಂದ ಇಪ್ಪತ್ತು ನಿಮಿಷ ತುಳಿದು, ಸರಾಸರಿ ಇನ್ನೂರ ಐದು ವ್ಯಾಟ್ ಎಂದು ಕಂಡುಕೊಂಡೆ. ಮನೆಗೆ ಬಂದು ಹೆಮ್ಮೆಯಿಂದ ಹೆಂಡತಿ ಸುಧಾಗೆ ಹೇಳಿದೆ. ಅವಳು ಅಡುಗೆಮನೆಯ ಮಿಕ್ಸಿಯನ್ನು ತಿರುಗಿಸಿ, ತಳದಲ್ಲಿ ಬರೆದಿದ್ದನ್ನು ಓದಿ, "ಇದು ಐನೂರು ಅಂತೆ ಕಣ್ರೀ. ಅಂದ್ರೆ ನೀವು ಪೂರ್ತಿ ಜೀವ ಬಿಟ್ರೂ ನನ್ನ ಚಟ್ನಿ ಅರ್ಧಂಬರ್ಧ" ಎಂದಳು.

ನಾನು ಧೃತಿಗೆಡಲಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಸೈಕಲ್ ಗೆಳೆಯರೆಲ್ಲ ಸೇರಿ ಹುಣಸೂರಿನಿಂದ ಬೆಟ್ಟದಪುರಕ್ಕೆ ಹೋಗಿ ಬರುವ ಒಂದು ಸಣ್ಣ ರೇಸು ಇಟ್ಟುಕೊಂಡಿದ್ದೆವು. ಅದಕ್ಕೆ ಇನ್ನೂ ಮೂರು ತಿಂಗಳಿತ್ತು. ದಿನಾ ಅಭ್ಯಾಸ ಮಾಡುವುದು, ಎರಡು ವಾರಕ್ಕೊಮ್ಮೆ ಅದೇ ರಸ್ತೆಯಲ್ಲಿ ಅದೇ ಪರೀಕ್ಷೆ ಮಾಡುವುದು, ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೂವತ್ತು ದಿನದಲ್ಲಿ ಇನ್ನೂರ ಇಪ್ಪತ್ತು, ಅರವತ್ತು ದಿನದಲ್ಲಿ ಇನ್ನೂರ ಮೂವತ್ತು ಎಂದು ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದು ನಕ್ಷೆ ಹಾಕಿಟ್ಟೆ.

ಎರಡು ವಾರದ ನಂತರ ಬಂದದ್ದು ನೂರ ತೊಂಬತ್ತೆಂಟು. ನಿದ್ದೆ ಸಾಲದಿದ್ದಿರಬೇಕು ಅಂದುಕೊಂಡೆ. ಆಮೇಲೆ ನೂರ ತೊಂಬತ್ತು. ಹಿಂದಿನ ದಿನ ತಿಂದ ಮದುವೆ ಊಟದ ಮೇಲೆ ಹಾಕಿದೆ. ಅದರ ನಂತರ ನೂರ ಎಂಬತ್ತೊಂದು. ಅದರ ತಪ್ಪು ಹೊರಿಸಲು ಏನೂ ಉಳಿದಿರಲಿಲ್ಲ. ಪೆನ್ಸಿಲಿನ ಗೆರೆ ಮೇಲಕ್ಕೆ ಹೋಗುತ್ತಿತ್ತು, ನಾನು ಕೆಳಕ್ಕೆ ಇಳಿಯುತ್ತಿದ್ದೆ. ಅಭ್ಯಾಸ ಮಾಡಿದಷ್ಟೂ ಶಕ್ತಿ ಕುಗ್ಗುತ್ತದೆ ಎಂದರೆ ಒಳಗಡೆ ಏನೋ ಸವೆಯುತ್ತಿದೆ ಎಂದೇ ಅರ್ಥ. ನನ್ನ ಸೋದರಮಾವ ಐವತ್ತು ತುಂಬುವ ಮೊದಲೇ, ಯಾವ ಸೂಚನೆಯೂ ಇಲ್ಲದೆ, ಎದೆ ಹಿಡಿದುಕೊಂಡು ಹೋದವರು. ನನಗೆ ಮಾತ್ರ ಸೂಚನೆ ವ್ಯಾಟ್ ಲೆಕ್ಕದಲ್ಲಿ ಸಿಗುತ್ತಿದೆ ಎಂದುಕೊಂಡೆ.

ಯಾರಿಗೂ ಹೇಳಲಿಲ್ಲ. ಆದರೆ ಹೆಚ್ಚು ದಿನ ಇಲ್ಲ ಎಂದುಕೊಂಡ ಮನುಷ್ಯ ತನಗೆ ಗೊತ್ತಿಲ್ಲದಂತೆ ಒಳ್ಳೆಯವನಾಗಿಬಿಡುತ್ತಾನೆ. ಒಂಬತ್ತನೇ ತರಗತಿಯವರಿಗೆ ಹೋಂವರ್ಕ್ ಕೊಡುವುದನ್ನು ನಿಲ್ಲಿಸಿದೆ. ಹತ್ತು ವರ್ಷದಿಂದ ನಮ್ಮ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ಪಕ್ಕದ ಮನೆಯವರನ್ನು ಕಂಡು ಮುಗುಳ್ನಕ್ಕೆ. ಅವರು ಗಾಬರಿಯಾಗಿ ಸ್ಕೂಟರ್ ತೆಗೆದರು. ಒಂದು ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಾ, "ಸುಧಾ, ನಿನ್ನ ಕೈರುಚಿ ಯಾರಿಗೂ ಬರಲ್ಲ" ಎಂದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಉಪ್ಪಿಟ್ಟನ್ನು ನಾನು ಹೊಗಳಿದ್ದು ಅದೇ ಮೊದಲು.

ಅವಳು ಸೌಟು ಕೆಳಗಿಟ್ಟು ಎದುರಿಗೆ ಕುಳಿತಳು. "ಏನ್ರೀ, ಏನು ಮಾಡ್ಕೊಂಡಿದ್ದೀರಿ? ನಿಜ ಹೇಳಿ."

"ಏನಿಲ್ಲ."

"ಏನಿಲ್ಲದೆ ಉಪ್ಪಿಟ್ಟು ಹೊಗಳೋರಾ ನೀವು?"

ನೋಟ್‌ಬುಕ್ ತಂದು ತೋರಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸೋದರಮಾವನ ಮಣ್ಣಿಗೆ ಅವಳೂ ಬಂದಿದ್ದಳು. ಮಾರನೆಯ ದಿನವೇ ರಜೆ ಹಾಕಿಸಿ ಮೈಸೂರಿನ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅಷ್ಟು ಹೊತ್ತು ಕೈ ಹಿಡಿದುಕೊಂಡದ್ದು ಯಾವ ಕಾಲದಲ್ಲೋ ನೆನಪಿಲ್ಲ. ನನಗೆ ಇನ್ನಷ್ಟು ಭಯವಾಯಿತು.

ಹೃದಯದ ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ?" ಎಂದು ಕೇಳಿದರು.

"ಇಲ್ಲ."

"ಎದೆನೋವು ಬರುತ್ತಾ? ತಲೆಸುತ್ತು?"

"ಇಲ್ಲ ಮೇಡಂ."

"ಮತ್ತೆ ಏನು ಬರುತ್ತೆ?"

"ವ್ಯಾಟ್ ಕಡಿಮೆ ಬರುತ್ತೆ" ಎಂದೆ.

ಅವರು ಪೆನ್ನು ಕೆಳಗಿಟ್ಟು ಸುಧಾಳ ಮುಖ ನೋಡಿದರು. ಸುಧಾ ನೆಲ ನೋಡಿದಳು. ಎದೆಗೆಲ್ಲ ತಂತಿ ಅಂಟಿಸಿ ಓಡುವ ಯಂತ್ರದ ಮೇಲೆ ನಿಲ್ಲಿಸಿದರು. ಯಂತ್ರದ ವೇಗ ಏರುತ್ತಲೇ ಹೋಯಿತು. ಇಲ್ಲೇ ಬೀಳುತ್ತೇನೆ, ಆಸ್ಪತ್ರೆಯಲ್ಲೇ ಬೀಳುವುದು ಅನುಕೂಲ ಎಂದುಕೊಳ್ಳುತ್ತಾ ಓಡಿದೆ. ಕೊನೆಗೆ ಯಂತ್ರ ನಿಲ್ಲಿಸಿದ ಹುಡುಗಿ, "ಸಾಕು ಸರ್, ಇನ್ನು ಓಡಬೇಡಿ" ಎಂದಳು. ಡಾಕ್ಟರಮ್ಮ ಕಾಗದವನ್ನು ಎರಡೆರಡು ಸಲ ನೋಡಿ, "ನಿಮ್ಮ ಹೃದಯ ಚೆನ್ನಾಗಿದೆ. ಮೂವತ್ತೈದರ ಎಷ್ಟೋ ಜನಕ್ಕೆ ಹೀಗಿರಲ್ಲ. ಹೋಗಿ ಬನ್ನಿ" ಎಂದರು.

ಹಿಂದಿರುಗುವಾಗ ಬಿಳಿಕೆರೆಯಲ್ಲಿ ಬಸ್ಸಿಳಿದು, ಅಲ್ಲಿ ನಮಗೇನೂ ಕೆಲಸವಿಲ್ಲದಿದ್ದರೂ, ರಸ್ತೆಬದಿಯ ಅಂಗಡಿಯಲ್ಲಿ ತಲಾ ಎರಡು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದೆವು. ಸುಧಾ ಕಣ್ಣು ಒರೆಸಿಕೊಂಡಳು. ಖಾರಕ್ಕೆ ಎಂದಳು. ನಾನೂ ಒರೆಸಿಕೊಂಡೆ. ಆಮೇಲೆ ಅವಳ ದನಿ ಬದಲಾಯಿತು. "ಮನೆಗೆ ಹೋದ ತಕ್ಷಣ ಆ ಸಾಮಾನು ಕಿತ್ತು ಬಿಸಾಕಿ" ಎಂದಳು. ನಾನು ಹೂಂ ಎಂದೆ. ಬಿಸಾಕಲಿಲ್ಲ. ಹೃದಯ ಸರಿ ಇದ್ದರೆ ವ್ಯಾಟ್ ಹೋಗುತ್ತಿರುವುದಾದರೂ ಎಲ್ಲಿಗೆ ಎಂಬ ಪ್ರಶ್ನೆ ಉಳಿದೇ ಇತ್ತು.

ರೇಸಿನ ಬೆಳಗ್ಗೆ ಮೂವತ್ತು ಜನ ಸೇರಿದ್ದೆವು. ನನ್ನ ಹಿಂದೆಯೇ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಬರುತ್ತಿದ್ದವನು ಮಾದೇಗೌಡ. ಬೆಟ್ಟದಪುರದ ಹತ್ತಿರದ ಹಳ್ಳಿಯವನು, ಹೊಗೆಸೊಪ್ಪಿನ ಬೇಸಾಯ. ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಯ ಕೆಲಸ ಮುಗಿದ ಮೇಲೆ ಕಾಲು ಸುಮ್ಮನಿರದೆ ಸೈಕಲ್ ಹಿಡಿದವನು. ಮುಂದಿನವನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಬರುವುದರಲ್ಲಿ ಅವನಷ್ಟು ಜಾಣ ನಮ್ಮಲ್ಲಿ ಇನ್ನೊಬ್ಬನಿಲ್ಲ. ನಾನೋ ರಸ್ತೆ ನೋಡುವ ಬದಲು ಪರದೆ ನೋಡುತ್ತಿದ್ದೆ. ನೂರ ಎಪ್ಪತ್ತೆರಡು. ನೂರ ಅರವತ್ತೆಂಟು. ಬೆಟ್ಟದಪುರದಲ್ಲಿ ಹಿಂದಕ್ಕೆ ತಿರುಗುವ ಜಾಗಕ್ಕೆ ಬಂದಾಗ ನನ್ನ ಉತ್ಸಾಹವೆಲ್ಲ ಬತ್ತಿತು. ಸೈಕಲ್ ಪಕ್ಕಕ್ಕೆ ತಂದು ಒಂದು ಕಾಲು ನೆಲಕ್ಕೂರಿದೆ.

ಮಾದೇಗೌಡನೂ ಬ್ರೇಕ್ ಹಾಕಿದ. "ಯಾಕ್ ಮೇಷ್ಟ್ರೇ, ನಿಂತ್ಬುಟ್ರಿ?"

"ನನ್ನ ಕೈಲಿ ಆಗಲ್ಲ ಮಾದೇಗೌಡ, ನೀನು ಹೋಗು. ನನಗೆ ಶಕ್ತೀನೇ ಇಲ್ಲ. ನೋಡು ಬೇಕಾದ್ರೆ" ಎಂದು ಪರದೆ ತೋರಿಸಿದೆ.

"ಶಕ್ತಿ ಇಲ್ದೆ ಇಷ್ಟು ದೂರ ನನ್ ಮುಂದ್ಗಡೆ ಎಂಗ್ ಬಂದ್ರಿ? ನಾನೇನು ತಳ್ಕ ಬಂದ್ನಾ? ಆ ಪರ್ದೆ ನೋಡದ್ ಬುಡಿ, ನಿಮ್ ಕಾಲ್ ನೋಡ್ಕಳಿ. ಹುಣಸೂರಿಂದ ನೋಡ್ತಾ ಇವ್ನಿ, ನಿಮ್ ಎಡಗಾಲು ಕೆಲ್ಸ ಮಾಡ್ತಿಲ್ಲ ಕಣ್ರೀ. ಅದು ಪೆಡ್ಲ್ ಮ್ಯಾಲೆ ಕುಂತ್ಕಂಡು ಸವಾರಿ ಮಾಡ್ತಾ ಅದೆ. ತುಳೀತಿರೋದೆಲ್ಲ ಬಲಗಾಲೇಯ."

ನಾನು ಬಗ್ಗಿ ಎಡಗಾಲು ನೋಡಿಕೊಂಡೆ.

"ನಮ್ಮಟ್ಟೀಲಿ ಇಂಗೇ ಒಂದು ಎತ್ತಿತ್ತು" ಎಂದು ಅವನು ಮುಂದುವರಿಸಿದ. "ಜೊತೇಲಿ ನಡ್ಕಂಡ್ ಬರದು, ನೊಗ ಎಳೀತಿರ್ಲಿಲ್ಲ. ನೋಡೋರಿಗೆ ಜೋಡಿ, ಗೇಯ್ತಿದ್ದದ್ದು ಒಂದೇಯ. ಅವತ್ತು ನಮ್ ಬ್ಯಾರನ್ ಹೊಸ್ಲು ದಾಟೋವಾಗ ಕಾಲು ಉಳುಕಿಸ್ಕಂಡ್ರಲ್ಲ, ಯಾವ ಕಾಲದು?"

ಎಡಗಾಲು. ಮೊದಲ ಪರೀಕ್ಷೆಯಾದ ವಾರದಲ್ಲೇ, ಅವನ ಬ್ಯಾರನ್ ನೋಡಲು ಹೋದಾಗ ಅದು ಆಗಿದ್ದು. ಸುಧಾ ಸೈಕಲ್ ಬೇಡ ಅಂದಾಳೆಂದು ಮುಚ್ಚಿಟ್ಟಿದ್ದೆ. ಹದಿನೈದು ದಿನ ಎಡಗಾಲನ್ನು ಮೆಲ್ಲಗೆ ಇಡುತ್ತಾ ತುಳಿದಿದ್ದೆ. ನೋವು ಹೋಗಿತ್ತು, ಮೆಲ್ಲಗೆ ಇಡುವ ಅಭ್ಯಾಸ ಹೋಗಿರಲಿಲ್ಲ, ವಾರವಾರಕ್ಕೂ ಬಲಿಯುತ್ತಿತ್ತು. ಮೀಟರ್ ಅಂಟಿಸಿದ್ದೂ ಎಡಗಡೆಯ ಪೆಡಲಿನ ತೋಳಿಗೆ. ಅದು ಎಡಗಾಲನ್ನಷ್ಟೇ ಅಳೆದು, ಬಲಗಾಲೂ ಅಷ್ಟೇ ಇರುತ್ತದೆ ಎಂದು ನಂಬಿ ಎರಡರಿಂದ ಗುಣಿಸುತ್ತದೆ ಎಂದು ಹಾಕಿಸುವಾಗ ಅಂಗಡಿಯವನು ಹೇಳಿದ್ದು ಆಗ ನೆನಪಾಯಿತು! ಜೊತೆಗೆ ಬಂದಿದ್ದ ಪುಸ್ತಕದಲ್ಲಿ ಇದು ದಪ್ಪಕ್ಷರದಲ್ಲೇ ಇದೆಯೆಂದು ಮನೆಗೆ ಬಂದ ಮೇಲೆ ನೋಡಿದೆ. ಸೋಮಾರಿ ಕಾಲಿನ ಅಂಕವನ್ನು ದುಡಿಯುವ ಕಾಲಿಗೂ ಹಾಕಿ ಫೇಲ್ ಮಾಡಿದಂತಾಗಿತ್ತು. ಇದೇ ತಪ್ಪನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆ ಕ್ಷಣದಲ್ಲಿ ಆದ ಹಗುರವನ್ನು ಹೇಗೆ ಹೇಳಲಿ! ಡಾಕ್ಟರಮ್ಮನ ಮಾತಿನಿಂದ ಮುಕ್ಕಾಲು ಪಾಲು ಇಳಿದಿದ್ದ ಭಾರ ಪೂರ್ತಿ ಇಳಿಯಿತು. ನಡುರಸ್ತೆಯಲ್ಲಿ ಮಾದೇಗೌಡನನ್ನು ತಬ್ಬಿಕೊಂಡೆ. "ಬುಡಿ ಮೇಷ್ಟ್ರೇ, ಜನ ನೋಡ್ತಾವ್ರೆ, ರೇಸ್ ನಡೀತಾ ಅದೆ" ಎಂದು ಅವನು ಬಿಡಿಸಿಕೊಂಡ. ಅಲ್ಲಿಂದ ಹುಣಸೂರಿನ ತನಕ ಎಡಗಾಲಿಗೆ ಬಾಯಿಬಿಟ್ಟು ಗದರುತ್ತಾ ತುಳಿದೆ. ನಡುವೆ ನಿಂತು ಹೊತ್ತು ಕಳೆದೂ ಹದಿನೇಳನೆಯವನಾಗಿ ಮುಟ್ಟಿದೆ. ಹದಿನಾರನೆಯವನು ಮಾದೇಗೌಡ. ಕೊನೆಯ ನೂರು ಮೀಟರಿನವರೆಗೆ ನನ್ನ ಮರೆಯಲ್ಲೇ ಇದ್ದು ಆಮೇಲೆ ಹಾರಿ ಹೋದ. ಸುಧಾ ಕಾಯುತ್ತಿದ್ದಳು. ಉಳುಕಿದ ಕಾಲಿನ ಕಥೆ ಕೇಳಿ ಅಲ್ಲಿಯೇ ಅಷ್ಟೂ ಜನರ ಮುಂದೆ ಬೈದಳು. ಅಂಥ ಬೈಗುಳ ಕೇಳಿಸಿಕೊಳ್ಳಲು ಜೀವಂತವಾಗಿರುವುದೇ ಒಂದು ಸುಖ ಎನಿಸಿತು.

ಈಗ ಎಲ್ಲ ಸರಿಹೋಗಿದೆ. ಉಪ್ಪಿಟ್ಟನ್ನು ಹೊಗಳುತ್ತಿಲ್ಲ, ಹೋಂವರ್ಕ್ ಎರಡರಷ್ಟಾಗಿದೆ. ಮೀಟರ್ ಈಗಲೂ ಎಡಗಡೆಯೇ ಇದೆ, ಎಡಗಾಲನ್ನು ಪಳಗಿಸುತ್ತಾ ಹೋದಂತೆ ಅಂಕಿಯೂ ಏರಿತು. ಹೋದ ಭಾನುವಾರ ಇನ್ನೂರ ನಲವತ್ತಾರು ಬಂತು. ಸೈಕಲ್ ಗೆಳೆಯರ ಗುಂಪಿಗೆ ಅದರ ಫೋಟೋ ಕಳಿಸಿದೆ. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಮಾದೇಗೌಡ ಮಾತ್ರ ಫೋನ್ ಮಾಡಿ, "ಮೇಷ್ಟ್ರೇ, ಹೋದ ವಾರ ಜೊತೇಲಿ ಬರೋವಾಗ ನೋಡ್ದೆ, ನಿಮ್ ಬಲಗಾಲು ಸುಮ್ನೆ ಕುಂತಂಗದಲ್ಲ?" ಎಂದ. ಸಿಗ್ನಲ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.