ತಮಿಳು ಬಾರದ ಪೋಸ್ಟಪ್ಪ

ಪೋಸ್ಟ್‌ಮ್ಯಾನ್ ಅಂದ್ರೆ ಕಾಗದ ಕೊಟ್ಟು ಸೈಕಲ್ ಹತ್ತೋನು ಅಂತ ಪೇಟೆಯವರು ತಿಳ್ಕೊಂಡಿರ್ತಾರೆ. ನಮ್ಮ ಹನೂರು ಕಡೆ ಹಾಗಿರಲಿಲ್ಲ. ಕೊಟ್ಟ ಮೇಲೆ ಓದಬೇಕು, ಓದಿದ ಮೇಲೆ ಕೂತು ಉತ್ತರಾನೂ ಬರೀಬೇಕು. ಇಷ್ಟೆಲ್ಲ ಮಾಡೋದರೊಳಗೆ ವಾರಕ್ಕೊಂದು ಫಜೀತಿ ಗ್ಯಾರಂಟಿ.

೧. ಕೈಸನ್ನೆ

ನಾನು ಯಳಂದೂರಿನವನು. ಮನೇಲೂ ಕನ್ನಡ, ಬೀದೀಲೂ ಕನ್ನಡ. ಎಂಬತ್ತರ ದಶಕದಲ್ಲಿ ಹನೂರಿನಾಚೆಗೆ ಹಾಕಿದರು ನೋಡಿ, ತಲೆ ಗಿರ್ರಂತು. ಒಂದು ಮನೇಲಿ ಕನ್ನಡ, ಪಕ್ಕದ ಮನೇಲಿ ತಮಿಳು, ಟೀ ಅಂಗಡೀಲಿ ಉರ್ದು, ಕಾಡಂಚಿನ ಪೋಡು ಅನ್ನೋ ಹಾಡೀಲಿ ಸೋಲಿಗರ ಮಾತು. ದೇಶ ನೋಡಬೇಕು ಅಂತ ನಾನು ರೈಲು ಹತ್ತಬೇಕಾಗೇ ಇರಲಿಲ್ಲ.

ಮೊದಲ ವಾರವೇ ಟಿಬೆಟ್ಟಿನವರ ಕ್ಯಾಂಪಿಗೆ ಒಂದು ರಿಜಿಸ್ಟರ್ ಕಾಗದ. ಬಾಗಿಲಲ್ಲಿ ಒಬ್ಬ ಮುದುಕ, ಕೈಯಲ್ಲಿ ಜಪಮಣಿ. ಇವನಿಗೆ ಹೇಗಪ್ಪಾ ತಿಳಿಸೋದು ಅಂತ ಕೈಯಲ್ಲಿ ಬರೆಯೋ ಹಾಗೆ ಮಾಡಿದೆ, ಹೆಬ್ಬೆಟ್ಟು ಒತ್ತೋ ಹಾಗೆ ಮಾಡಿದೆ, ಲಕೋಟೆ ತೋರಿಸಿ ಎದೆ ಮುಟ್ಕೊಂಡೆ. ಆತ ಸಾವಧಾನವಾಗಿ ಪೂರ್ತಿ ನೋಡಿದ.

"ಸೈನು ಎಲ್ ಆಕ್ಬೇಕು ಸಾ?" ಅಂದ. "ಮಾತ್ ಬರಾಕಿಲ್ವಾ ನಿಮ್ಗೆ? ಪಾಪ."

೨. ಓದೋದು ನಾನು, ಅರ್ಥ ಅವಳಿಗೆ

ಕೌದಳ್ಳಿ ದಾರಿಯ ಒಂದು ಹಳ್ಳಿಯಲ್ಲಿ ಒಬ್ಬ ಒಂಟಿ ಅವ್ವ ಇದ್ದಳು. ಮನೆಮಾತು ತಮಿಳು, ಹೊರಗೆ ನಮ್ಮಂಥವರ ಜೊತೆ ಕನ್ನಡ. ಒಬ್ಬಳೇ ಮಗಳು. ಅವಳು ಅಮ್ಮನಿಗೆ ಹೇಳದೆ ಮೆಟ್ಟೂರು ಕಡೆ ಹುಡುಗನ್ನ ಮದುವೆಯಾಗಿ ಹೊರಟುಹೋಗಿದ್ದಳು. ಅವ್ವ ಆವತ್ತಿಂದ ಮಗಳ ಹೆಸರೇ ಎತ್ತುತ್ತಿರಲಿಲ್ಲ.

ಒಂದಿನ ಆ ಮಗಳಿಂದ ಇನ್‌ಲ್ಯಾಂಡ್ ಬಂತು. ಅವ್ವನಿಗೆ ಓದು ಬರದು. "ಓದು, ಕೇಳ್ತೀನಿ. ಉತ್ರ ಮಾತ್ರ ಬರ್ಸಾಕಿಲ್ಲ" ಅಂತ ಹೇಳಿ ಗೋಡೆ ಕಡೆ ತಿರುಗಿ ಕೂತಳು.

ಬಿಡಿಸಿ ನೋಡ್ತೀನಿ, ದುಂಡು ಕನ್ನಡ ಅಕ್ಷರ. ಖುಷಿಯಾಗಿ ಓದೋಕೆ ಶುರು ಮಾಡಿದ್ರೆ ಒಂದು ಪದವೂ ತಲೆಗೆ ಹೋಗಲಿಲ್ಲ. ಹುಡುಗಿ ಹನೂರಿನ ಕನ್ನಡ ಸ್ಕೂಲಲ್ಲಿ ಕಲಿತವಳು, ಅಮ್ಮನ ಜೊತೆ ಆಡೋದು ತಮಿಳು. ಹಾಗಾಗಿ ತಮಿಳನ್ನ ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಓದಬಲ್ಲ ನನಗೆ ಅರ್ಥವಾಗದು, ಅರ್ಥವಾಗೋ ಅವ್ವನಿಗೆ ಓದು ಬಾರದು.

"ನಿಂಗೆ ತಮಿಳು ಬರಾಕಿಲ್ವಾ?" ಅಂದಳು.

"ಇಲ್ಲ ಕಣವ್ವ."

"ಒಳ್ಳೇದಾಯ್ತು ಬುಡು. ನಿನ್ ಮುಂಚೆ ಇದ್ದೋನಿಗೆ ಬತ್ತಿತ್ತು. ನಮ್ಮನೆ ಇಚಾರ ನಂಗಿಂತ ಮುಂಚೆ ಬಸ್‌ಸ್ಟ್ಯಾಂಡ್‌ಗೆ ಗೊತ್ತಾಗೋದು."

ಶಾಲೇಲಿ ಪದ್ಯ ಒಪ್ಪಿಸೋ ಹಾಗೆ ಗಟ್ಟಿಯಾಗಿ, ಒಂದೇ ಉಸಿರಿಗೆ ಓದಿದೆ. ನಡುವೆ ಎಲ್ಲೋ ಅವ್ವನ ಬೆನ್ನು ಅಲುಗಿತು. ಅಳ್ತಿದ್ದಾಳೆ ಅಂದುಕೊಂಡು ನಿಲ್ಲಿಸಿ, ಏನವ್ವ ಅಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಕೊಂಡು ನಗುತ್ತಿದ್ದಳು.

"ಏನಿಲ್ಲ, ಮುಂದಕ್ ಓದು" ಅಂದಳು.

೩. ಹಳೇ ಕಾಗದ

ಅಮ್ಮ ಉತ್ತರ ಬರೆಸದಿದ್ದರೂ ಮಗಳು ತಿಂಗಳಿಗೊಂದು ಬರೀತಾನೇ ಇದ್ದಳು. ಎರಡು ವರ್ಷ ಓದಿದೆ. ಅಷ್ಟರಲ್ಲಿ ಟೀ ಅಂಗಡಿ, ಬಸ್ಸು, ಜಗಲಿ ಎಲ್ಲ ಸೇರಿ ನನಗೆ ತಮಿಳು ಕಲಿಸಿಬಿಟ್ಟಿದ್ದವು. ಅವ್ವನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಕಾಗದ ಓದಿಸೋದೇ ಬಿಡುತ್ತಿದ್ದಳು, ಆಮೇಲೆ ಮಗಳ ಮಾತು ಅವಳ ಕಿವಿಗೆ ಮುಟ್ಟಿಸೋರು ಯಾರು? ಅರ್ಥವಾದರೂ ಪದ್ಯದ ರಾಗ ಬಿಡದೆ ಓದುತ್ತಿದ್ದೆ.

ಒಂದು ಸಲ ಎರಡು ತಿಂಗಳು ಕಾಗದ ಬರಲಿಲ್ಲ. ಅವ್ವ ಪೆಟ್ಟಿಗೆಯಿಂದ ಮೊದಲನೇ ಕಾಗದ ತೆಗೆದು, "ಇದ್ನೇ ಇನ್ನೊಂದ್ಸಲ ಓದು" ಅಂದಳು. ಓದುತ್ತಾ ಹೋದೆ. ಅರ್ಧಕ್ಕೆ ಬಂದಾಗ ಇದ್ದ ತಮಿಳಿನ ಅರ್ಥ ಹೀಗಿತ್ತು: "ಅಮ್ಮಾ, ಓದ್ತಿರೋ ಪೋಸ್ಟಪ್ಪನಿಗೆ ತಮಿಳು ಬಂದ್ರೆ ಇಲ್ಲಿ ನಿಲ್ತಾನೆ. ನಿಲ್ಲದೆ ಹೋದ್ರೆ ಅವನು ಕತ್ತೆ, ನೀನು ಧೈರ್ಯವಾಗಿ ಕೇಳು."

ಎರಡು ವರ್ಷದ ಹಿಂದೆ ಇದನ್ನ ನಾನೇ ಬಾಯಾರೆ ಸಾರಿದ್ದೆ. ಅಲ್ಲೇ ಒಂದು ಗಳಿಗೆ ನಿಂತು, ಕಣ್ಣಿಗೆ ಧೂಳು ಬಿತ್ತವ್ವ ಅಂತ ಹೇಳಿ ಕಣ್ಣೊರೆಸಿಕೊಂಡು ಮುಂದಕ್ಕೆ ಓದಿದೆ. ಅವ್ವ ಗೋಡೆ ನೋಡುತ್ತಿದ್ದಳು.

೪. ಉತ್ತರ

ಅದಾಗಿ ವಾರಕ್ಕೆ ಮಗಳ ಕಾಗದ ಬಂತು. ಬಸುರಿ ಅಂತ ಹಿಂದಿನ ಕಾಗದದಲ್ಲೇ ಬರೆದಿದ್ದಳು, ಈಗ ಏಳು ತಿಂಗಳಂತೆ. "ಚೊಚ್ಚಲ ಹೆರಿಗೆಗೆ ಎಲ್ಲರೂ ತವರಿಗೆ ಹೋಗ್ತಾರೆ. ನಾನು ಬರಲಾ, ಬೇಡವಾ? ಇದಕ್ಕಾದರೂ ಉತ್ತರ ಬರೆಸು. ಬರದಿದ್ರೆ ಇನ್ನು ಬರೆಯಲ್ಲ."

ಅವ್ವ ಗೋಡೆ ಕಡೆ ತಿರುಗಿ ಕೂತಳು. ಆಮೇಲೆ "ಬರ್ಕೊ" ಅಂದು ತಮಿಳಲ್ಲಿ ಹೇಳಿದಳು: "ವರಾದೆ." ಬರಬೇಡ. ಹೇಳದೆ ಹೋದೋಳಿಗೆ ಇಲ್ಲಿ ಬಾಣಂತನ ಇಲ್ಲ.

ನಾನು ತಲೆಯೆತ್ತಿ ನೋಡಿದೆ. ಹಗ್ಗದ ಮೇಲೆ ಒಗೆದು ಮಡಿಸಿದ ಹಳೇ ಹತ್ತಿ ಸೀರೆಗಳು. ಮೂಲೇಲಿ ತೂಗುಹಾಕಿದ ಬೆಳ್ಳುಳ್ಳಿ ಗೊಂಚಲು ನೋಡಿದ್ರೆ ಇಬ್ಬರು ಬಾಣಂತಿಯರಿಗಾಗುವಷ್ಟಿತ್ತು. ಒಂಟಿ ಮುದುಕಿಗೆ ಅಷ್ಟು ಬೆಳ್ಳುಳ್ಳಿ ಯಾಕೆ?

ನನ್ನ ಕೆಲಸಕ್ಕೆ ಅದು ದೊಡ್ಡ ತಪ್ಪು, ಇವತ್ತಿಗೂ ಒಪ್ಕೋತೀನಿ. ಅವಳು ಹೇಳಿದ್ದು ಬಿಟ್ಟು, "ಬೇಗ ಬಾ, ಅಮ್ಮ ಬೆಳ್ಳುಳ್ಳಿ ತಂದಿಟ್ಟವ್ಳೆ" ಅಂತ ನನ್ನ ಹರಕು ತಮಿಳನ್ನೇ ಕನ್ನಡ ಅಕ್ಷರದಲ್ಲಿ ಬರೆದು ಡಬ್ಬಕ್ಕೆ ಹಾಕಿದೆ. ಹದಿನೈದು ದಿನ ಸರಿಯಾಗಿ ಊಟ ಸೇರಲಿಲ್ಲ. ತಾಯಿ ಮಗಳು ಎದುರುಬದುರಾಗಿ ಜಗಳಾಡಿದ್ರೆ, ಆ ತುಂಬು ಬಸುರಿ ಎಲ್ಲಿಗೆ ಹೋಗ್ತಾಳೆ?

ಮಗಳು ಬಂದಳಂತೆ ಅಂತ ಬಸ್ಸಿನವರು ಹೇಳಿದರು. ಎರಡು ದಿನ ಆ ಬೀದಿ ತಪ್ಪಿಸಿದೆ. ಮೂರನೇ ದಿನ ಅವ್ವನೇ ರಸ್ತೆಗೆ ಬಂದು ಸೈಕಲ್ ಹಿಡಿದು, ಮನೆ ಬಾಗಿಲಿಗೆ ಕರ್ಕೊಂಡು ಹೋದಳು.

"ನಾನು ಬರ್ಬೇಡ ಅಂದ್ರೆ ನೀನ್ ಏನ್ಲಾ ಬರ್ದೆ?"

"ನಂಗೆ ತಮಿಳು ಬರಲ್ವಲ್ಲವ್ವ, ಏನೋ ಹೆಚ್ಚುಕಮ್ಮಿ..."

"ಸುಳ್ ಯೋಳ್ಬೇಡ. ಅವತ್ತು ಅಳೇ ಕಾಗ್ದ ಓದುವಾಗ ಕತ್ತೆ ಅನ್ನೋ ಜಾಗ್ದಲ್ಲಿ ನಿಂತೋದೆ. ಕಣ್ಣಿಗೆ ಧೂಳು ಅಂದೆ. ಅವತ್ತೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಮತ್ತೆ ನನ್ನ ಕೈಲಿ ಬರಬೇಡ ಅಂತ ಯಾಕವ್ವ ಬರೆಸಿದ್ರಿ?"

ಅವಳ ಕಣ್ಣು ತುಂಬಿತು. "ಬಾ ಅಂತ ಯೋಳಕ್ಕೆ ನನ್ ಬಾಯಿ ಬರಾಕಿಲ್ಲ ಕಣಪ್ಪ. ತಮಿಳು ಬಾರ್ದೋನಾಗಿದ್ರೆ ಯೋಳ್ದಂಗೇ ಬರ್ದುಬುಡ್ತಿದ್ದ. ಅಂತೋನ್ ಕೈಲಿ ಬರ್ಸಕ್ಕೆ ನಂಗೇನ್ ಉಚ್ಚಾ?"

ಒಳಗಿಂದ ಮಗಳ ದನಿ ಬಂತು. ನನಗೆ ಗೊತ್ತಾಗಲಿ ಅಂತಲೇ ಅಚ್ಚ ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ಕತ್ತೆಗೆ ಕಾಪಿ ಕಾಸ್ಲಾ?"